ಮುಳ್ಳಪ್ಪನ ಒಳಜ್ವರ

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಭಾವಮೈದುನ. ಹುಟ್ಟುಹಬ್ಬಕ್ಕೆ ಒಂದು ಅಂಗಿಯಾದರೂ ಕೊಟ್ಟಾನೆಂದು ಮುಳ್ಳಪ್ಪ ಕಾದಿದ್ದರೆ, ಅವನು ತಂದುಕೊಟ್ಟದ್ದು ಪುಸ್ತಕ. ರಟ್ಟಿನ ಮೇಲೆ ಮೈಗಿಂತ ಹಲ್ಲೇ ದೊಡ್ಡದಾದ ಒಬ್ಬ ರಾಕ್ಷಸ. ಜೊತೆಗೆ ಪುಟ್ಟ ಚೀಲದಲ್ಲಿ ಒಂದು ಜೊತೆ ದಾಳ.

"ಒಬ್ಬರೇ ಕೂತು ಆಡೋ ಆಟ ಭಾವ. ಓದ್ತಾ ಓದ್ತಾ ನೀವೇ ಕತೆಯ ನಾಯಕ ಆಗ್ಬಿಡ್ತೀರಿ."

"ಈ ವಯಸ್ಸಲ್ಲಿ ನಾನು ರಾಕ್ಷಸನ ಜೊತೆ ಗುದ್ದಾಡಬೇಕಾ?" ಎಂದು ಮುಳ್ಳಪ್ಪ ಮುಖ ಸಿಂಡರಿಸಿದ. ಪುಸ್ತಕವನ್ನು ಕುಂಟುತ್ತಿದ್ದ ಊಟದ ಮೇಜಿನ ಕಾಲಿಗೆ ಒತ್ತು ಕೊಟ್ಟ. ಮೇಜು ನೆಟ್ಟಗಾಯಿತು. ಪುಸ್ತಕದಿಂದ ಅದಕ್ಕಿಂತ ಹೆಚ್ಚಿನ ಉಪಕಾರವನ್ನು ಅವನು ನಿರೀಕ್ಷಿಸಿರಲಿಲ್ಲ.

ಮುಳ್ಳಪ್ಪ ಎನ್ನುವುದು ಅವನ ಹೆಸರಲ್ಲ. ಗಡಿಯಾರದ ಅಂಗಡಿಯಲ್ಲಿ ರಿಪೇರಿ ಕೆಲಸ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ದಿನವಿಡೀ ಮುಳ್ಳುಗಳೊಂದಿಗೆ ಹೆಣಗುವವನು ಎಂದು ಬಂದ ಅಡ್ಡಹೆಸರು. ಕೆಲಸಕ್ಕೆ ಸೇರಿದಂದಿನಿಂದ ಅವನು ರಜೆ ಹಾಕಿದ್ದನ್ನು ಯಾರೂ ಕಂಡಿರಲಿಲ್ಲ. ಅವನು ಅಂಗಡಿಯ ಮೆಟ್ಟಿಲು ಹತ್ತುವುದನ್ನು ನೋಡಿ ಯಜಮಾನರು ತಮ್ಮ ಕೈಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಸಂಜೆ ಹೆಂಡತಿ ತಂಗಿಯೊಡನೆ ಫೋನಿನಲ್ಲಿ ಮಾತಿಗಿಳಿದಳು. ಅದು ಬೇಗ ಮುಗಿಯುವ ಬಾಬತ್ತಲ್ಲ. ಹೊತ್ತು ಹೋಗದೆ ಮುಳ್ಳಪ್ಪ ಮೇಜಿನ ಕಾಲಡಿಯಿಂದ ಪುಸ್ತಕ ಎಳೆದು ಬಿಡಿಸಿದ. "ಎಲೈ ವೀರನೇ!" ಎಂದಿತು ಮೊದಲ ಸಾಲು. ಮನೆಯಲ್ಲಿ 'ರೀ' ಎಂದೂ ಅಂಗಡಿಯಲ್ಲಿ 'ಏನಯ್ಯಾ' ಎಂದೂ ಕರೆಸಿಕೊಂಡೇ ತಲೆ ನರೆತವನಿಗೆ ಇದು ಹಿತವಾಗಿ ಕೇಳಿಸಿತು. ಬಾಗಿಲು ತೆರೆಯುತ್ತೀಯಾದರೆ ಈ ಪುಟಕ್ಕೆ ಹೋಗು, ಬೇಡವೆಂದರೆ ಆ ಪುಟಕ್ಕೆ ಹೋಗು ಎಂದು ಪುಸ್ತಕ ಅವನ ಇಷ್ಟ ಕೇಳಿತು. ಅವನ ಇಷ್ಟವನ್ನು ಯಾರಾದರೂ ಕೇಳಿ ಬಹಳ ಕಾಲವಾಗಿತ್ತು. ಗತ್ತಿನಿಂದ ಬಾಗಿಲು ತೆರೆದ. ಬಾವಿಗೆ ಬಿದ್ದು ಸತ್ತ.

ಮುಳ್ಳಪ್ಪನಿಗೆ ಅವಮಾನವಾಯಿತು. ಮತ್ತೆ ಮೊದಲಿನಿಂದ ಹೊರಟ. ಹೆಂಡತಿ ಫೋನ್ ಇಡುವಷ್ಟರಲ್ಲಿ ಒಮ್ಮೆ ವಿಷದ ಹಣ್ಣು ತಿಂದು, ಇನ್ನೊಮ್ಮೆ ಬಾವಲಿ ಕಚ್ಚಿ ಸತ್ತಿದ್ದ. ಆದರೂ ಇತ್ತೀಚೆಗೆ ಅಷ್ಟು ಖುಷಿಯಾಗಿ ಬದುಕಿದ್ದು ಅವನಿಗೆ ನೆನಪಿರಲಿಲ್ಲ.

ಬೆಳಿಗ್ಗೆ ಹೆಂಡತಿ ಕೆಲಸಕ್ಕೆ ಹೊರಟ ಮೇಲೆ ಅಂಗಡಿಗೆ ಫೋನ್ ಮಾಡಿ, ದನಿ ಕುಗ್ಗಿಸಿ, "ಜ್ವರ ಸಾರ್, ಏಳಕ್ಕಾಗ್ತಿಲ್ಲ" ಎಂದ. ಜೀವಮಾನದ ಮೊದಲ ಸುಳ್ಳು ರಜೆ. ಹಾಸಿಗೆಯ ಮೇಲೆ ಕಾಲು ಚಾಚಿ ಪುಸ್ತಕ ಹರಡಿಕೊಂಡ.

ಬಾವಿಯನ್ನು ತಪ್ಪಿಸಿ, ಹಣ್ಣನ್ನು ಮುಟ್ಟದೆ, ಗುಹೆಯೊಳಗೆ ಕಾಲಿಟ್ಟಾಗ ರಾಕ್ಷಸ ಎದುರಾದ. ದಾಳ ಉರುಳಿತು. ಮುಳ್ಳಪ್ಪ ಮೈಮರೆತ.

"ಬಾರೋ! ಬಾರೋ ಮುಂದಕ್ಕೆ! ನಿನ್ನ ತಲೆ ತರೀದೇ ಬಿಡಲ್ಲ!"

ಪಕ್ಕದ ಮನೆಯ ನರ್ಸಮ್ಮ ಗೋಡೆಯಾಚೆ ಬಟ್ಟೆ ಮಡಿಸುತ್ತಿದ್ದರು. ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ರೋಗಿಗಳಿಲ್ಲದೆ ನೀರಿನಿಂದ ತೆಗೆದ ಮೀನಿನಂತಾಗಿದ್ದವರು. ಮಡಿಸುತ್ತಿದ್ದ ಸೀರೆ ಅಲ್ಲೇ ಬಿಟ್ಟು ಓಡಿಬಂದರು. ಬಾಗಿಲಲ್ಲಿ ಅಂಗಡಿಯ ಯಜಮಾನರೂ ನಿಂತಿದ್ದರು. ಮುಳ್ಳಪ್ಪ ರಜೆ ಹಾಕಿದನೆಂದರೆ ಏನೋ ಹೆಚ್ಚುಕಡಿಮೆ ಆಗಿರಲೇಬೇಕೆಂದು ಅಂಗಡಿ ಮುಚ್ಚಿಯೇ ಬಂದಿದ್ದರು.

"ಜ್ವರ ಅಂದ..." ಎಂದರು ಯಜಮಾನರು.

"ಬರೀ ಜ್ವರ ಅಲ್ಲ, ನೆತ್ತಿಗೇರಿದೆ. ಯಾರದೋ ತಲೆ ತರೀತೀನಿ ಅಂತ ಕೂಗಾಡ್ತಿದ್ದಾರೆ!"

ಇಬ್ಬರೂ ನುಗ್ಗುವಷ್ಟರಲ್ಲಿ ಮುಳ್ಳಪ್ಪ ಪುಸ್ತಕ, ದಾಳಗಳನ್ನು ದಿಂಬಿನಡಿ ತುರುಕಿ, ಕತ್ತಿನ ತನಕ ಕಂಬಳಿ ಎಳೆದುಕೊಂಡಿದ್ದ. ಗಾಬರಿಗೆ ಹಣೆಯಲ್ಲಿ ಬೆವರು ಸುರಿಯುತ್ತಿತ್ತು.

"ಏನಯ್ಯಾ, ನನ್ನ ಗುರುತು ಸಿಕ್ತಾ?" ಎಂದು ಯಜಮಾನರು ಬಗ್ಗಿದರು.

ಮುಳ್ಳಪ್ಪನ ಮನಸ್ಸು ಇನ್ನೂ ಗುಹೆಯಲ್ಲೇ ಇತ್ತು. "ಎಡಗಡೆ ದಾರಿ" ಎಂದುಬಿಟ್ಟ.

ಯಜಮಾನರ ಕಣ್ಣಲ್ಲಿ ನೀರು ಬಂತು. ನರ್ಸಮ್ಮ ಅವನ ಬಾಯಿಗೆ ಥರ್ಮಾಮೀಟರ್ ತುರುಕಿದರು. ಅದು ಏನೂ ಇಲ್ಲವೆಂದಿತು. ಎರಡು ಸಲ ಝಾಡಿಸಿ ಮತ್ತೆ ಇಟ್ಟರು. ಆಗಲೂ ಏನೂ ಇಲ್ಲ.

"ನನಗೆ ಅನುಮಾನ ಇತ್ತು," ಎಂದು ನಿಟ್ಟುಸಿರು ಬಿಟ್ಟರು. "ಒಳಜ್ವರ. ಹೊರಗೆ ತೋರಿಸ್ಕೊಳ್ಳಲ್ಲ. ಬಲು ಕೆಟ್ಟದ್ದು."

"ನಾನು ಆರಾಮಾಗಿದ್ದೀನಿ," ಎಂದು ಮುಳ್ಳಪ್ಪ ಏಳಹೋದ.

"ಒಳಜ್ವರದವರು ಎಲ್ಲರೂ ಹೀಗೇ ಅನ್ನೋದು," ಎಂದು ನರ್ಸಮ್ಮ ಅವನನ್ನು ಅದುಮಿ ಮಲಗಿಸಿ, ಹಣೆಗೆ ಒದ್ದೆ ಬಟ್ಟೆ ಹಾಕಿದರು. ಯಜಮಾನರು ಅಂಗಾಲು ತಿಕ್ಕತೊಡಗಿದರು. ಕಚಗುಳಿಗೆ ಮುಳ್ಳಪ್ಪ ಕಿಸಕ್ಕನೆ ನಕ್ಕ. ಅದನ್ನೂ ರೋಗದ ಲೆಕ್ಕಕ್ಕೇ ಸೇರಿಸಿಕೊಂಡರು. ಸುದ್ದಿ ಮುಟ್ಟಿ ಹೆಂಡತಿ ಏದುಸಿರು ಬಿಡುತ್ತ ಬಂದಳು. ಅವಳ ಹಿಂದೆಯೇ ಡಾಕ್ಟರು. ಗಂಭೀರ ಮನುಷ್ಯ. ಮುಖ ಇಸ್ತ್ರಿ ಮಾಡಿದ ಹಾಗೆ ಬಿಗಿಯಾಗಿತ್ತು.

"ಎಲ್ಲರೂ ಹೊರಗಿರಿ," ಎಂದು ಡಾಕ್ಟರು ಬಾಗಿಲು ಹಾಕಿಕೊಂಡರು. ನಾಡಿ ನೋಡಿದರು, ಎದೆ ನೋಡಿದರು. "ನಿಮಗೇನೂ ಆಗಿಲ್ವಲ್ರೀ!" ಎನ್ನುತ್ತ ದಿಂಬು ಸರಿಮಾಡಲು ಹೋದಾಗ ಪುಸ್ತಕ ಕೈಗೆ ತಗುಲಿತು.

ಮುಳ್ಳಪ್ಪ ಎಲ್ಲವನ್ನೂ ಒಪ್ಪಿಕೊಂಡ. "ದಯವಿಟ್ಟು ಹೆಂಡತಿಗೆ ಹೇಳ್ಬೇಡಿ ಡಾಕ್ಟ್ರೇ. ಯಜಮಾನರಿಗಂತೂ ಹೇಳಲೇಬೇಡಿ. ಮುಖ ತೋರಿಸೋಕಾಗಲ್ಲ."

"ಇಷ್ಟು ದೊಡ್ಡವರಾಗಿ ಮಕ್ಕಳಾಟ!" ಎಂದು ಡಾಕ್ಟರು ತಾತ್ಸಾರದಿಂದ ಪುಟ ತಿರುಗಿಸಿದರು. "ಅಂಥಾದ್ದೇನಿದೆ ಇದರಲ್ಲಿ?"

"ಸುಮ್ನೆ ಒಂದ್ಸಲ ದಾಳ ಹಾಕಿ ನೋಡಿ."

ಡಾಕ್ಟರು ಸುಮ್ಮನೆ ಒಂದು ಸಲ ಹಾಕಿದರು. ಬಾವಿಗೆ ಬಿದ್ದರು. "ಇದು ಅನ್ಯಾಯ!" ಎಂದು ಕುರ್ಚಿ ಎಳೆದುಕೊಂಡು ಕುಳಿತರು.

ಹೊರಗೆ ಹೊತ್ತು ಏರುತ್ತಿತ್ತು. ಇಷ್ಟು ದೀರ್ಘ ತಪಾಸಣೆಯನ್ನು ತಮ್ಮ ನೌಕರಿಯಲ್ಲೇ ಕಂಡಿಲ್ಲವೆಂದು ನರ್ಸಮ್ಮ ಪಿಸುಗುಟ್ಟಿದರು. ಹೆಂಡತಿ ಸೆರಗನ್ನು ಬಾಯಿಗೊತ್ತಿಕೊಂಡಳು. ಒಳಗಿಂದ ಒಮ್ಮೆ ಡಾಕ್ಟರ ದನಿಯೇ ಕೇಳಿಸಿತು: "ಅಯ್ಯೋ, ಹೋಯ್ತು ಜೀವ!" ಯಜಮಾನರು ಗೋಡೆಗೆ ಒರಗಿಕೊಂಡರು.

ಕೊನೆಗೆ ಬಾಗಿಲು ತೆರೆಯಿತು. ಡಾಕ್ಟರ ಮುಖ ಮತ್ತೆ ಬಿಗಿಯಾಗಿತ್ತು.

"ಜೀವಕ್ಕೇನೂ ಅಪಾಯ ಇಲ್ಲ. ಆದರೆ ಒಂದು ವಾರ ಹಾಸಿಗೆ ಬಿಟ್ಟು ಏಳಬಾರದು."

ಒಂದು ವಾರ! ಒಳಗೆ ಮುಳ್ಳಪ್ಪ ಕಂಬಳಿಯಡಿಯಲ್ಲಿ ಅವರಿಗೆ ಕೈಮುಗಿದ.

"ಮಾತಿಲ್ಲ, ಕತೆಯಿಲ್ಲ, ಮುಖ್ಯವಾಗಿ ಓದು ಕೂಡದು," ಎಂದು ಡಾಕ್ಟರು ಮುಂದುವರಿಸಿದರು. "ಈ ಪುಸ್ತಕ ತಲೆಗೆ ಹತ್ತಿಯೇ ಹೀಗಾಗಿರೋದು. ಇದು ಮನೇಲಿರೋದು ಬೇಡ, ನಾನೇ ತಗೊಂಡು ಹೋಗ್ತೀನಿ." ಪುಸ್ತಕ ಬ್ಯಾಗಿನೊಳಗೆ ಹೋಯಿತು. ದಾಳಗಳೂ ಹೋದವು. ಮುಳ್ಳಪ್ಪ ಬಾಯಿ ತೆರೆದ. ಹೆಂಡತಿಯ ಮುಖ ನೋಡಿದ, ಯಜಮಾನರ ಮುಖ ನೋಡಿದ, ಬಾಯಿ ಮುಚ್ಚಿದ.

ಸಂಜೆ ಯಜಮಾನರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬಂದು, ಹೊಸ್ತಿಲಾಚೆಯೇ ನಿಂತು ಹೇಳಿದರು:

"ಡಾಕ್ಟರ ಕ್ಲಿನಿಕ್ಕು ಮುಚ್ಚಿದೆಯಮ್ಮ. ಅವರಿಗೂ ಜ್ವರ ಅಂತೆ. ಒಂದು ವಾರ ಯಾರನ್ನೂ ನೋಡಲ್ವಂತೆ."

"ಅಂಟುಜ್ವರ!" ಎಂದು ನರ್ಸಮ್ಮ ಚೀರಿದರು. ಹೆಂಡತಿ ಹಾಸಿಗೆ ಸುತ್ತಿಕೊಂಡು ಅವರ ಮನೆಗೆ ನಡೆದಳು. ಊಟದ ತಟ್ಟೆ ಹೊಸ್ತಿಲ ಬಳಿ ಬಂತು. ಬಾಗಿಲಿಗೆ ಹೊರಗಿಂದ ಚಿಲಕ ಬಿತ್ತು.

ಮುಳ್ಳಪ್ಪ ಸೂರು ನೋಡುತ್ತ ಮಲಗಿರುವಾಗ ಫೋನ್ ಗುಣುಗುಟ್ಟಿತು. ಡಾಕ್ಟರು. ದನಿ ಪಿಸುಮಾತಿಗಿಂತಲೂ ಕೆಳಗಿತ್ತು.

"ಮುಳ್ಳಪ್ಪನೋರೇ, ಆ ಸೇತುವೆ ಕಾಯೋ ಮುದುಕಿ ಇದ್ದಾಳಲ್ಲ, ಅವಳ ಮಾತು ನಂಬಬಹುದಾ?"

"ಸೇತುವೆನಾ?" ಮುಳ್ಳಪ್ಪ ಎದ್ದು ಕುಳಿತ. "ರಾಕ್ಷಸ ಸತ್ತನಾ? ನಾನಿನ್ನೂ ಅಲ್ಲೀತನಕ ಹೋಗೇ ಇಲ್ವಲ್ಲ ಡಾಕ್ಟ್ರೇ!"

ಆ ಕಡೆ ದಾಳ ಉರುಳಿದ ಸದ್ದಾಯಿತು.

"ಹಾಗಾದ್ರೆ ನೀವು ರೆಸ್ಟ್ ತಗೊಳ್ಳಿ," ಎಂದು ಡಾಕ್ಟರು ಫೋನ್ ಇಟ್ಟರು.