ಬಡಿದು ನೋಡುವ ಕಾಕಾ

ನಮ್ಮ ಕಾಕಾನನ್ನು ಮನೆಗೆ ಕರೆಯುವ ಧೈರ್ಯವಿದ್ದರೆ ಕರೆಯಿರಿ. ನಿಮಗಿಂತ ಮೊದಲು ನಿಮ್ಮ ನೆಲದ ಯೋಗಕ್ಷೇಮ ವಿಚಾರಿಸುತ್ತಾನೆ! ಶಹಾಬಾದಿನಲ್ಲಿ ಮೂವತ್ತು ವರ್ಷ ಹಾಸುಗಲ್ಲು ಆರಿಸಿದ ಕೈ. ಬೆರಳಿನ ಗೆಣ್ಣಿನಿಂದ ಟಕ್ ಎಂದು ಬಡಿದು ಒಳಗಿನ ಬಿರುಕು ಹೇಳುತ್ತಾನೆ. ನನಗೆ ಹೆಣ್ಣು ನೋಡಲು ಹೋದಾಗ ಅವರ ಪಡಸಾಲೆ ಬಡಿದು, "ಗಟ್ಟಿ ಅದ, ಮಾಡ್ಕೋ" ಎಂದ. ಹುಡುಗಿ ಇನ್ನೂ ಹೊರಗೇ ಬಂದಿರಲಿಲ್ಲ!

ಮನೆಮಂದಿಯೆಲ್ಲ ಒಂದು ಸಂಜೆ ಕವ್ವಾಲಿ ಕೇಳುವ ಏರ್ಪಾಡನ್ನು ಇಂಥವನಿಗೆ ಒಪ್ಪಿಸಿದವರು ಯಾರು? ನನ್ನ ಡೈರಿಯ ಪ್ರಕಾರ ನಾನೇ. ನೆನಪು ಮಾತ್ರ ಹೆಂಡತಿಯತ್ತ ಬೆರಳು ತೋರಿಸುತ್ತದೆ.

ಚಿಂತೆಯೆಲ್ಲ ಕಾಕಾನ ಹೆಂಡತಿ ಕಾಕಿಯ ಬಗ್ಗೆ. ಎರಡು ವರ್ಷದಿಂದ ಅವಳಿಗೆ ಕಿವಿ ಪೂರ್ತಿ ಹೋಗಿತ್ತು, ಮಷೀನೂ ಕೈಕೊಟ್ಟಿತ್ತು. ಮದುವೆ, ಕುಬಸದಂಥ ಸಮಾರಂಭಕ್ಕೆ ಹೋಗುವುದನ್ನೇ ಬಿಟ್ಟಿದ್ದಳು. "ಮಂದಿ ಬಾಯಿ ಆಡ್ಸೋದು ನೋಡ್ಲಾಕ ನಾ ಯಾಕ ಬರ್ಲಿ? ಇದೊಂದ್ ಸಲ ಬರ್ತೀನಿ. ಬ್ಯಾಸರಾದ್ರ ಮತ್ತೆಂದೂ ಕರೀಬ್ಯಾಡ್ರಿ" ಎಂದು ಷರತ್ತು ಹಾಕಿದಳು.

ಕಾಕಾ ನನ್ನನ್ನು ಕರೆದುಕೊಂಡು ಜಾಗ ನೋಡಲು ಹೊರಟ. ಸೇಡಂನಲ್ಲಿ ಏಸಿ ಸಭಾಂಗಣ, ಮೆತ್ತನೆಯ ಕುರ್ಚಿ. "ನೆಲಕ್ಕ ಜಮಖಾನಿ ಹಾಸ್ಯಾರ, ಬ್ಯಾಡ." ಚಿತ್ತಾಪುರದಲ್ಲಿ ಮಣ್ಣಿನ ಮೈದಾನ. "ಬಿತ್ಲಾಕ ಬಂದೀವೇನು?" ವಾಡಿಯಲ್ಲಿ ನೆಲವೇನೋ ಒಳ್ಳೆಯದೇ, ಆದರೆ ರೈಲು ಹೋದಾಗಲೆಲ್ಲ ನಡುಗುತ್ತಿತ್ತು. "ಇಲ್ಲಿ ರೈಲೇ ಢೋಲಕ್ ಬಾರ್ಸ್ತದ!"

"ಕಾಕಾ, ಹಾಡು ಕೇಳ್ಲಾಕ ಹೊಂಟೀವೋ, ಫರ್ಶಿ ಕಲ್ಲು ಖರೀದಿಗೋ?"

"ನೀ ಓದಿದಾಂವ, ಸುಮ್ ಕುಂದ್ರು."

ಕೊನೆಗೆ ಶಹಾಬಾದಿನ ತನ್ನ ಹಳೆಯ ದೋಸ್ತನ ಅಂಗಳಕ್ಕೇ ಕವ್ವಾಲಿ ತಂಡವನ್ನು ಕರೆಸಿದ. ಡೈರಿಯಲ್ಲಿ ನಾವು ಹದಿನಾರು ಜನ. ಬಾಗಿಲಲ್ಲಿ ರಾಶಿಬಿದ್ದ ಚಪ್ಪಲಿ ನೆನೆದರೆ ಇಪ್ಪತ್ತಾದರೂ ಇರಬೇಕು. ಅಂಗಳದಲ್ಲಿ ಎರಡು ಗಿಡ್ಡ ಕಂಬಗಳ ಮೇಲೆ ಬೆಂಚಿನಂತೆ ಉದ್ದನೆಯ ಒಂದೇ ಹಾಸುಗಲ್ಲು. ಕಾಕಾ ಢೋಲಕ್‌ನವನ ಅಡಿಯ ದಿಂಬು ಕಿತ್ತು, ಅವನನ್ನು ಈ ತುದಿಗೆ, ಕಾಕಿಯನ್ನು ಆ ತುದಿಗೆ ಕೂರಿಸಿದ.

"ಕಲ್ಲು ಭಾಳ ತಣ್ಣಗ ಅದ್ರಿ" ಎಂದು ಗೊಣಗಿದ ಢೋಲಕ್‌ನವ.

"ಬಾರ್ಸು, ಬಿಸಿ ಆಗ್ತದ!"

ಎರಡು ಹಾಡು ಮುಗಿದವು. ಕಾಕಿ ಗೋಡೆ ನೋಡುತ್ತ ಕೂತಿದ್ದಳು. ಮೂರನೆಯದು ಏರಿದಾಗ ಅವಳ ಅಂಗೈ ಕಲ್ಲಿಗೆ ಅಂಟಿತು. ಕಲ್ಲಿನೊಳಗೆ ಹರಿದು ಬಂದ ಪೆಟ್ಟಿಗೆ ಬೆರಳು ಕುಣಿದವು. ಢೋಲಕ್‌ನವ ಬೇಕೆಂದೇ ಕೈ ತಡೆದ. ಅವಳ ಕೈಯೂ ನಿಂತಿತು! ಮತ್ತೆ ಬಾರಿಸಿದ, ಅವಳೂ! "ವಾಹ್ ಅಮ್ಮಾ!" ಎಂದು ತಂಡವೇ ಎದ್ದು ಚಪ್ಪಾಳೆ ಹೊಡೆಯಿತು.

"ಮುಂದಿನ ಸಲ ಚಿಂಚೋಳಿ ಕವ್ವಾಲಿಗೂ ಕರ್ಕೊಂಡ್ ಹೋಗ್ರಿ!" ಕಾಕಿ ಅಂಗಳ ಅದುರುವಂತೆ ಕೂಗಿದಳು.

ಕಾಕಾ ಬಗ್ಗಿ, ಗೆಣ್ಣಿನಿಂದ ಕಲ್ಲನ್ನು ಎರಡು ಸಲ ಮೆಲ್ಲಗೆ ಬಡಿದ. ಕಾಕಿ ತಿರುಗಿ ನೋಡದೆ ಎರಡು ಸಲ ಬಡಿದು ಉತ್ತರ ಕೊಟ್ಟಳು.

ಇದು ಡೈರಿಯಲ್ಲಿಲ್ಲ, ನೆನಪಿನಲ್ಲಷ್ಟೇ ಇದೆ. ಈ ಒಂದು ನೆನಪನ್ನು ಮಾತ್ರ ಗಟ್ಟಿಯೋ ಅಲ್ಲವೋ ಎಂದು ನಾನು ಬಡಿದು ನೋಡಲು ಹೋಗಿಲ್ಲ.