ಚೀನಾದ ಬಂಗಾರ, ನಮ್ಮವ್ವನ ಪಾಟ್ಲಿ

ಎರಡು ದೇಶಗಳ ಚಿನ್ನದ ಸಂಗ್ರಹವನ್ನು ವರ್ಷವಾರು ಹೋಲಿಸಿ ತೋರಿಸುವ ಜಾಲತಾಣದ ರೇಖಾನಕ್ಷೆಯವರಿಗೆ,

ಮಾನ್ಯರೇ,

ಕೋಸಗಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವ ನಾಗಜ್ಯೋತಿ ಎಂಬ ನಾನು, ತಮ್ಮ ಕೆಂಪು ಗೆರೆಗೂ ನೀಲಿ ಗೆರೆಗೂ ಬೇರೆಬೇರೆಯಾಗಿ ನಮಸ್ಕರಿಸಿ, ತಾವು ನಮ್ಮ ಮನೆಗೆ ದಯಮಾಡಿಸಿದ ದಿನದ ವೃತ್ತಾಂತವನ್ನು ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ತಾವು ಬಂದದ್ದು ಆದೋನಿಯ ಹತ್ತಿ ವ್ಯಾಪಾರಿ ಪಂಚಾಕ್ಷರಯ್ಯನವರ ಫೋನಿನಲ್ಲಿ. ಅವರ ಮಗ ವಾಗೀಶ್‌ಗೂ ನನಗೂ ಮದುವೆ ಮಾತಾಗಿತ್ತು. ಎರಡು ತಿಂಗಳಿಂದ ಮಾತಾಡಿಕೊಂಡಿದ್ದ ನಾವು ಒಬ್ಬರಿಗೊಬ್ಬರು ಹಿಡಿಸಿದ್ದೇವೆಂದೇ ನಾನು ನಂಬಿದ್ದೆ. ಅಂದು ದಿನ ಗೊತ್ತು ಮಾಡುವುದಷ್ಟೇ ಬಾಕಿ. ಅಪ್ಪ ತೀರಿಕೊಂಡ ಮೇಲೆ ಹೊಲಿಗೆಯಿಂದ ಮನೆ ನಡೆಸಿದ ನಮ್ಮವ್ವ ಬಸಲಿಂಗಮ್ಮ ಹೋಳಿಗೆ ಬಡಿಸುತ್ತ, ಹತ್ತು ತೊಲ ಬಂಗಾರ ಇಡುತ್ತೇವೆಂದು ಮೊದಲೇ ಆಡಿದ್ದ ಮಾತನ್ನು ಮತ್ತೊಮ್ಮೆ ಹೇಳಿದಳು. ಪಂಚಾಕ್ಷರಯ್ಯನವರು ಎರಡನೆಯ ಹೋಳಿಗೆ ಮುಗಿಸಿ, ತುಪ್ಪದ ಬೆರಳಿನಿಂದಲೇ ಫೋನು ಸವರಿ ನಮಗೆ ತಮ್ಮ ಎರಡೂ ಗೆರೆಗಳ ದರ್ಶನ ಮಾಡಿಸಿದರು.

"ನೋಡ್ರಿ ಬಸಲಿಂಗಮ್ಮಾರ, ಈ ಕೆಂಪು ಗೆರಿ ಚೀನಾದ್ದು. ಇಪ್ಪತ್ತೈದು ವರ್ಷದ ಹಿಂದ ನಮ್ಮ ದೇಶದ ಮಗ್ಗಲದಾಗ ಇತ್ತು, ಈಗ ಎಲ್ಲಿಗೇರೈತಿ! ನಮ್ಮ ನೀಲಿ ಗೆರಿ ಕೆಳಗ ಉಳದೈತಿ. ಹತ್ತು ತೊಲ ಅಂದ್ರ ಅದು ನೀಲಿ ಗೆರಿನೇ ಆತ್ರಿ. ನಮ್ಮ ಹಿರೇ ಸೊಸಿ ಮನ್ಯಾವ್ರು ಇಪ್ಪತ್ತೈದು ಇಟ್ಟಾರ."

ಎಂಥ ಅರ್ಥಶಾಸ್ತ್ರ, ಮಾನ್ಯರೇ! ಎರಡು ದೇಶಗಳು ಕಾಲು ಶತಮಾನ ಕೂಡಿಟ್ಟ ಸಾವಿರಾರು ಟನ್ ಚಿನ್ನದ ಸಾರವನ್ನೆಲ್ಲ ಹಿಂಡಿ, ಹೊಲಿಗೆಯವಳೊಬ್ಬಳಿಂದ ಇನ್ನೂ ಹದಿನೈದು ತೊಲ ಕೀಳುವ ವಿದ್ಯೆಯನ್ನು ತಾವು ಇಷ್ಟು ಸುಲಭವಾಗಿ, ಅದೂ ಬಣ್ಣಬಣ್ಣದಲ್ಲಿ ಕಲಿಸಿಕೊಟ್ಟಿದ್ದೀರಿ.

ಅವ್ವ ತನ್ನ ಕೈಯ ಪಾಟ್ಲಿ ಬಳೆಗಳನ್ನು ಬಿಚ್ಚತೊಡಗಿದಳು. ಗಂಟು ದಪ್ಪಗಾದ ಬೆರಳುಗಳನ್ನು ದಾಟಲಾರದೆ ಅವು ಅಲ್ಲೇ ಸಿಕ್ಕಿಕೊಂಡವು. ಸಾಬೂನು ತರಲು ಎದ್ದವಳನ್ನು ನಾನು ಕೈ ಹಿಡಿದು ಕೂರಿಸಿದೆ.

"ಮಾವಾರ, ಚೀನಾದವ್ರು ಆ ಬಂಗಾರ ಯಾರಿಗನ ಕೊಟ್ಟಾರೇನ್ರಿ?"

"ಯಾಕ ಕೊಡ್ತಾರವ್ವ? ಅವ್ರದು ಅವ್ರ ಹತ್ರಾನ ಐತಿ," ಎಂದರು ಪಂಚಾಕ್ಷರಯ್ಯನವರು.

"ಹಂಗಾರ ನಮ್ದೂ ನಮ್ಮ ಹತ್ರಾನ ಇರ್ಲಿ ಬಿಡ್ರಿ."

ಆಮೇಲೆ ವಾಗೀಶರತ್ತ ತಿರುಗಿ, ನೀವೇನಂತೀರಿ ಎಂದು ಕೇಳಿದೆ. ಅವರು ಎಲೆಯ ಮೇಲಿನ ಕೋಸಂಬರಿಯನ್ನು ಬದಿಗೆ ಸರಿಸುತ್ತ, "ಅಪ್ಪಾರು ಎಲ್ಲಾ ನೋಡೇ ಹೇಳಿರ್ತಾರ," ಎಂದರು. ಅಳು ಬರುವ ಮೊದಲೇ ಎದ್ದು, ದಿನ ಗೊತ್ತಾದ ಮೇಲೆ ಬದಲಿಸಿಕೊಳ್ಳಲೆಂದು ಇಟ್ಟಿದ್ದ ವೀಳ್ಯದ ತಟ್ಟೆಯನ್ನು ಒಳಗೆ ಒಯ್ದೆ. ಅವರ ಕಾರು ಆದೋನಿಯ ಕಡೆ ತಿರುಗಿತು.

ಮೂರನೆಯ ದಿನ ಅವ್ವ ಸೂಜಿಗೆ ದಾರ ಪೋಣಿಸುತ್ತ ಅಂದಳು: "ಆ ಹುಡುಗ ಒಂದ್ಸಲ ಬ್ಯಾಡ ಅಂದಿದ್ರ, ನಾನ ಖುಷಿಲೆ ಬಿಚ್ಚಿ ಕೊಡ್ತಿದ್ನೆವ್ವ."

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ: ಬೀಗರ ಊಟದ ನಡುವೆ ಯಾರಾದರೂ ತಮ್ಮನ್ನು ತೆರೆದರೆ ತಮ್ಮ ಎರಡೂ ಗೆರೆಗಳು ನಾಚಿ ಒಟ್ಟಿಗೆ ನೆಲಕ್ಕಿಳಿಯಲಿ. ಅದಾಗದಿದ್ದರೆ ಮದುವೆಗೆ ನಿಂತ ಗಂಡುಗಳ ಬೆನ್ನುಮೂಳೆಯ ಉದ್ದವನ್ನು ವರ್ಷವಾರು ತೋರಿಸುವ ಮೂರನೆಯ ಗೆರೆಯೊಂದನ್ನು ದಯವಿಟ್ಟು ಎಳೆಯಿರಿ.

ಇಷ್ಟಾದರೂ ತಮ್ಮ ವಿಶ್ವಾಸಿ,
ನಾಗಜ್ಯೋತಿ, ಕೋಸಗಿ

ತಾ.ಕ.: 'ಈ ಮಾಹಿತಿ ಉಪಯುಕ್ತವಾಯಿತೇ?' ಎಂದು ಪುಟದ ಕೊನೆಯಲ್ಲಿ ಕೇಳಿದ್ದೀರಿ. 'ಹೌದು' ಎಂದು ಒತ್ತಿದ್ದೇನೆ. ತಾವಿಲ್ಲದಿದ್ದರೆ ಇದೆಲ್ಲ ನನಗೆ ತಾಳಿ ಕಟ್ಟಿಸಿಕೊಂಡ ಮೇಲೆ ತಿಳಿಯುತ್ತಿತ್ತು.