ಅರ್ಧಕ್ಕೆ ನಿಂತ ಮುಳ್ಳು

ಮುರಳೀಕೃಷ್ಣನ ಕಾರಿನಲ್ಲಿ ಪೆಟ್ರೋಲ್ ಮುಳ್ಳು ಅರ್ಧಕ್ಕೆ ನಿಂತು ಮೂರು ವರ್ಷವಾಗಿತ್ತು. ಟ್ಯಾಂಕು ತುಂಬಿಸಿದರೂ ಅರ್ಧ, ಒಣಗಿಹೋದರೂ ಅರ್ಧ. ಅರಸೀಕೆರೆಯ ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದ ಮನುಷ್ಯನಿಗೆ ಇಂಥ ಅರ್ಧಂಬರ್ಧ ಉತ್ತರ ಹೊಸದೇನಲ್ಲ. ಜನಕ್ಕೆ ಅವನು ಕೊಡುತ್ತಿದ್ದದ್ದೂ ಅದನ್ನೇ.

ಆದರೆ ಕಾರು ಅವನದಲ್ಲ, ಮಾವ ವೆಂಕಟರಾಮಯ್ಯನವರದು. ಕಡೂರಿನಲ್ಲಿ ವಿಜ್ಞಾನದ ಮೇಷ್ಟ್ರಾಗಿ ನಿವೃತ್ತರಾದ ಅವರು, ಕಣ್ಣಿನ ಆಪರೇಷನ್ ಆದಮೇಲೆ ಓಡಿಸುವುದನ್ನು ಬಿಟ್ಟು, ಇಪ್ಪತ್ತೈದು ವರ್ಷ ಒರೆಸಿ ತೊಳೆದು ಸಾಕಿದ್ದ ಆ ಪುಟ್ಟ ಬಿಳಿ ಕಾರನ್ನು ಹಿರಿಯ ಅಳಿಯನಿಗೆ ವಹಿಸಿದ್ದರು. ‘ಕೊಟ್ಟಿದ್ದೀನಿ’ ಎಂದಿರಲಿಲ್ಲ, ‘ಇಟ್ಕೊಂಡಿರು’ ಎಂದಿದ್ದರು. ಆಮೇಲೆ ಅವರನ್ನು ಕೂರಿಸಿಕೊಂಡೇ ಕಾರು ಎರಡು ಸಲ ಪೆಟ್ರೋಲ್ ಮುಗಿದು ನಡುದಾರಿಯಲ್ಲಿ ನಿಂತಿತ್ತು. ಎರಡನೆಯ ಸಲ ಬಾಣಾವರದ ಹತ್ತಿರ ಕೈಚೀಲ ಹಿಡಿದು ಸಿಮೆಂಟ್ ಲಾರಿ ಹತ್ತಿದ ಮಾವ, ಮೇಲಿನಿಂದಲೇ ತೀರ್ಪು ಕೊಟ್ಟಿದ್ದರು.

“ನೋಡಪ್ಪಾ ಮುರಳಿ, ಮೂರನೇ ಸಲ ನಿಂತರೆ ಕೀಲಿ ಮಾಧವನಿಗೆ.”

ಮಾಧವ ಎಂದರೆ ಮುರಳಿಯ ಷಡ್ಡಕ, ಬೇಲೂರಿನಲ್ಲಿ ಐಟಿಐ ಮೇಷ್ಟ್ರು. ಪೆನ್ನು ಇರಬೇಕಾದ ಜೇಬಿನಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡು ಓಡಾಡುವ ಪ್ರಾಣಿ. ಯಾರ ಮನೆಗೆ ಹೋದರೂ ನಿಂತ ಗಡಿಯಾರವನ್ನು, ಕಿರುಗುಟ್ಟುವ ಫ್ಯಾನನ್ನು ಹೇಳದೆ ಕೇಳದೆ ಬಿಚ್ಚಿ ಸರಿಮಾಡಿಯೇ ಕಾಫಿ ಕುಡಿಯುವವನು. ಮಾವನಿಗೆ ಅವನೆಂದರೆ ಪ್ರಾಣ. ಮುರಳಿಗೆ ಅವನ ಹೆಸರು ಕೇಳಿದರೆ ಸಾಕು, ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು.

ಇಷ್ಟು ದಿನ ಕಾರು ಮುರಳಿಯ ಬಳಿ ಉಳಿದಿದ್ದು ಪಕ್ಕದ ಮನೆಯ ರೇವಣಸಿದ್ದಪ್ಪನವರ ಕಿವಿಯಿಂದ. ಅವರು ಕೊಬ್ಬರಿ ವ್ಯಾಪಾರಿ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ನೀರು ಎಷ್ಟು ಉಳಿದಿದೆ, ಕೊಬ್ಬರಿಯಾಗಲು ಇನ್ನೆಷ್ಟು ದಿನ ಬೇಕು ಎಂದು ಕರಾರುವಾಕ್ಕಾಗಿ ಹೇಳುವವರು. ಆ ವಿದ್ಯೆಯನ್ನೇ ಕಾರಿಗೂ ಹಚ್ಚಿದ್ದರು. ಮುರಳಿ ಕೀಲಿ ಹಿಡಿದು ಹೊರಗೆ ಬಂದರೆ ಬೀದಿಯ ನಾಲ್ಕು ಜನರನ್ನು ಕೂಗಿ, ಕಾರನ್ನು ಎರಡೂ ಕಡೆಯಿಂದ ತೂಗಿಸಿ, ತಾವು ಕುಕ್ಕರುಗಾಲಿನಲ್ಲಿ ಕೂತು ಟ್ಯಾಂಕಿಗೆ ಕಿವಿ ಕೊಡುತ್ತಿದ್ದರು. ‘ಎಳನೀರು’ ಎಂದರೆ ಭರ್ತಿ. ‘ಬಲಿತ ಕಾಯಿ’ ಎಂದರೆ ಅರ್ಧ. ‘ಉಂಡೆ ಕೊಬ್ಬರಿ’ ಎಂದರೆ ಖಾಲಿ, ಸೀದಾ ಬಂಕಿಗೆ ಹೋಗಬೇಕು. ಒಂದು ದಿನವೂ ತಪ್ಪಿದ್ದಿಲ್ಲ. ಕಾರು ನಿಂತ ಆ ಎರಡು ದಿನವೂ ಅವರು ತಿಪಟೂರಿನ ಮಾರುಕಟ್ಟೆಗೆ ಹೋಗಿದ್ದರು.

ಆದರೆ ಮುರಳಿಗೆ ಮಾನ ಎನ್ನುವುದೊಂದಿತ್ತು. ಕಾರು ತೂಗುವಾಗ ಹಾಲಿನವನೂ ನಿಂತು ನೋಡುತ್ತಿದ್ದ, ಶಾಲೆಗೆ ಹೊರಟ ಮಕ್ಕಳು ತಾವೂ ಕೈ ಹಾಕುತ್ತಿದ್ದವು. ಇದು ಮಾವನ ಕಣ್ಣಿಗೆ ಬಿದ್ದರೆ ಕೀಲಿ ಹೋಗಲು ಮೂರನೆಯ ನಿಲುಗಡೆಯೇ ಬೇಡ. ಈಗ ಅವರು ಬರುವ ದಿನವೇ ಬಂದಿತ್ತು. ಭಾನುವಾರ ಬೇಲೂರಿನಲ್ಲಿ ಮಾಧವನ ಮಗುವಿನ ನಾಮಕರಣ. ಹೆಂಡತಿ ಮೇಧಿನಿ ತಂಗಿಗೆ ನೆರವಾಗಲು ನಾಲ್ಕು ದಿನ ಮೊದಲೇ ಹೋಗಿದ್ದಳು. ಮಾವ ಕಡೂರಿನಿಂದ ಬೆಳಗಿನ ರೈಲಿನಲ್ಲಿ ಬಂದಿಳಿದು ಕಾರಿನಲ್ಲಿ ಬೇಲೂರಿಗೆ ಹೋಗುವುದು, ಸಂಜೆ ಅದರಲ್ಲೇ ಅರಸೀಕೆರೆಗೆ ಬಂದು ರೈಲು ಹತ್ತುವುದು ಎಂದು ನಿಶ್ಚಯವಾಗಿತ್ತು.

ಅವತ್ತು ಬೆಳಗ್ಗೆ ಆರಕ್ಕೇ ಮುರಳಿ ಮೆಕ್ಯಾನಿಕ್ ಜವರಪ್ಪನನ್ನು ಹಾಸಿಗೆಯಿಂದ ಎಬ್ಬಿಸಿ ತಂದ. ಜವರಪ್ಪ ಹಿಂದಿನ ಸೀಟು ಕಿತ್ತು ಅಂಗಳಕ್ಕೆ ಹಾಕಿ, ಟ್ಯಾಂಕಿನ ಮೇಲಿನ ಮುಚ್ಚಳ ಬಿಚ್ಚಿ, ಒಳಗಿನಿಂದ ಒಂದು ಉದ್ದನೆಯ ಕಡ್ಡಿ ಎಳೆದ. ಅದರ ತುದಿಯಲ್ಲಿ ನಿಂಬೆಹಣ್ಣಿನ ಗಾತ್ರದ ಬುರುಡೆ. ಪೆಟ್ರೋಲಿನ ಮೇಲೆ ಆ ಬುರುಡೆ ತೇಲುತ್ತಾ ಏರಿ ಇಳಿದಂತೆ, ಬುಡದಲ್ಲಿರುವ ತಂತಿಯ ಸುರುಳಿ ಮುಂದಿನ ಮುಳ್ಳಿಗೆ ಸುದ್ದಿ ಮುಟ್ಟಿಸಬೇಕು. ಸುರುಳಿಗೆ ಪಾಚಿ ಹಿಡಿದ ಹಾಗೆ ಕಿಲುಬು ಹಿಡಿದಿತ್ತು. ಜವರಪ್ಪ ಅದನ್ನು ಬಿಚ್ಚಿ ಉಜ್ಜಿ, ತುಂಡಾಗಿದ್ದ ತಂತಿಗೆ ಬೆಸುಗೆ ಹಾಕಿ, ಮತ್ತೆ ಕೂರಿಸಿ ಮುಚ್ಚಳ ಹಾಕಿದ. ಟ್ಯಾಂಕಿನೊಳಗೆ ಎಷ್ಟಿದೆ ಎಂದು ಇಣುಕಿ ನೋಡುವುದು ಇಬ್ಬರಿಗೂ ಹೊಳೆಯಲಿಲ್ಲ. ಮುಳ್ಳೇ ಹೇಳುವಾಗ ಇಣುಕುವುದು ಯಾಕೆ.

ಮುರಳಿ ಕೀಲಿ ತಿರುಗಿಸಿದ. ಮೂರು ವರ್ಷ ಕದಲದ ಮುಳ್ಳು ಮೈಮುರಿದೆದ್ದು ಮೇಲಕ್ಕೆ ಹೋಗಿ, ಭರ್ತಿಗೆ ಒಂದು ಗೀಟು ಕೆಳಗೆ ನಿಂತಿತು. ಇಷ್ಟು ಪೆಟ್ರೋಲ್ ಯಾವಾಗ ಹಾಕಿಸಿದೆ ಎಂದು ಒಂದು ಗಳಿಗೆ ಅನುಮಾನ ಬಂತು. ಒಳ್ಳೆಯ ಸುದ್ದಿಯನ್ನು ಕೆದಕಬಾರದೆಂದು ಸುಮ್ಮನಾದ.

ಅಷ್ಟರಲ್ಲಿ ರೇವಣಸಿದ್ದಪ್ಪ ಪಂಚೆ ಎತ್ತಿಕಟ್ಟಿಕೊಂಡು ಬಂದರು. ಅವರ ಹಿಂದೆಯೇ ಸ್ಟೇಷನ್ನಿನಿಂದ ಮಾವನ ಆಟೋ ಬಂದು ನಿಂತಿತು. ಮುರಳಿ ಅಡ್ಡ ಹೋಗಿ, ಇನ್ನು ಅಲ್ಲಾಡಿಸುವ ಕೆಲಸವಿಲ್ಲ, ಮುಳ್ಳು ಸರಿಯಾಗಿದೆ ಎಂದು ಪಿಸುಗುಟ್ಟಿದ. ಅವರ ಮುಖ ಸಪ್ಪಗಾಯಿತು. ಆದರೂ ಅಭ್ಯಾಸಬಲ, ಅಂಗೈಯಿಂದ ಡಿಕ್ಕಿಯನ್ನು ಒಮ್ಮೆ ನೂಕಿ ಕಿವಿ ನಿಮಿರಿಸಿದರು.

“ಉಂಡೆ ಕೊಬ್ಬರಿ ಆಗೈತೆ ಸ್ವಾಮಿ. ಬಂಕಿಗೋಗಿ.”

ಯಾರಿವರು ಎಂದು ಮಾವ ಕೇಳಿದರು. ಕೊಬ್ಬರಿ ವ್ಯಾಪಾರದವರು, ಎಲ್ಲ ಕಡೆ ಅವರಿಗೆ ಕೊಬ್ಬರಿಯೇ ಕಾಣುತ್ತದೆ ಎಂದು ಮುರಳಿ ಮಾತು ತೇಲಿಸಿ, ಮಾವನನ್ನು ಕಾರಿಗೆ ಹತ್ತಿಸಿದ.

ಜಾವಗಲ್ ದಾಟುವಾಗ ಮಾವ ಕನ್ನಡಕ ಒರೆಸಿಕೊಂಡು ಮುಳ್ಳಿನ ಕಡೆ ಬಗ್ಗಿದರು. “ಅಲ್ಲಪ್ಪಾ, ಹೊರಟಾಗ ಒಂದು ಗೀಟು ಕೆಳಗಿತ್ತು. ಈಗ ಅರ್ಧ ಗೀಟು ಮೇಲೆ ಬಂದಿದೆ.”

“ಹೊಸದಾಗಿ ರಿಪೇರಿ ಆಗಿದೆಯಲ್ಲ ಮಾವ, ಹೊಂದಿಕೊಳ್ತಾ ಇದೆ.”

ಹಳೇಬೀಡಿಗೆ ಬರುವ ಹೊತ್ತಿಗೆ ಮುಳ್ಳು ಭರ್ತಿಯ ಗೀಟಿನ ಮೇಲೆಯೇ ಕೂತಿತ್ತು. ಮಾವ ವಿಜ್ಞಾನ ಓದಿದವರು, ಓಡಿದಷ್ಟೂ ಪೆಟ್ರೋಲ್ ಹೆಚ್ಚುವ ವಿಷಯ ಯಾವ ಪುಸ್ತಕದಲ್ಲೂ ಇರಲಿಲ್ಲ. ಯಾವುದಕ್ಕೂ ಇರಲಿ, ಬಂಕಿಗೆ ತಿರುಗಿಸು ಎಂದರು. ತುಂಬಿದ ಟ್ಯಾಂಕಿಗೆ ಇನ್ನೇನು ಹಾಕಿಸುವುದು ಎಂದು ಮುರಳಿ ಗತ್ತಿನಿಂದ ಮುಳ್ಳು ತೋರಿಸಿ ಬಂಕನ್ನು ದಾಟಿಸಿದ. ಊರು ಬಿಟ್ಟು ಸ್ವಲ್ಪ ದೂರ ಹೋಗಿ, ಒಂದು ಹುಣಸೆಮರದ ಕೆಳಗೆ ಕಾರು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಮುಳ್ಳು ಮಾತ್ರ ಭರ್ತಿಯಲ್ಲೇ ಇತ್ತು.

ಮಾವ ಕೈಚೀಲ ಎತ್ತಿಕೊಂಡರು. ಮಾಧವ ಈ ಸ್ಟೀರಿಂಗಿನ ಹಿಂದೆ ಕೂತು ಹಲ್ಲು ಕಿರಿಯುವುದು ಮುರಳಿಯ ಕಣ್ಣಮುಂದೆ ಬಂತು. ಮರದ ಕೆಳಗೆ ಎಳನೀರು ಮಾರುತ್ತಿದ್ದ ದ್ಯಾವಯ್ಯ ಎಂಬವನ ಕಾಲಿಗೆ ಬೀಳುವುದೊಂದು ಬಾಕಿ. ಅವನು ಕನಿಕರಪಟ್ಟು ತನ್ನ ಮೊಪೆಡ್ಡಿನಲ್ಲಿ ಹೋಗಿ ಎರಡು ಲೀಟರ್ ತಂದು ಸುರಿದ. ಸುರಿದಂತೆ, ಭರ್ತಿಯಲ್ಲಿದ್ದ ಮುಳ್ಳು ಕೂದಲೆಳೆಯಷ್ಟು ಕೆಳಗಿಳಿಯಿತು.

ಮಾವನ ಕಣ್ಣು ಮಿಂಚಿತು. ಕೈಚೀಲ ಕೆಳಗಿಟ್ಟರು.

“ಹಾಕಿದರೆ ಇಳಿಯುತ್ತೆ, ಸುಟ್ಟರೆ ಏರುತ್ತೆ. ನಿನ್ನ ಮೆಕ್ಯಾನಿಕ್ಕು ಆ ಸುರುಳೀನ ತಲೆಕೆಳಗಾಗಿ ಕೂರಿಸಿದಾನೆ. ಮೇಲಿದ್ದರೆ ಖಾಲಿ, ಕೆಳಗಿದ್ದರೆ ಭರ್ತಿ. ತಿಳೀತೇನೋ?”

ನಿವೃತ್ತರಾದ ಮೇಲೆ ಹನ್ನೊಂದು ವರ್ಷಕ್ಕೆ ಅವರಿಗೆ ಪಾಠ ಮಾಡಲು ಒಂದು ಅವಕಾಶ ಸಿಕ್ಕಿತ್ತು. ಬೇಲೂರು ಸೇರುವವರೆಗೆ ಅದನ್ನೇ ನಾಲ್ಕು ಸಲ ವಿವರಿಸಿದರು. ಈ ಸಂತೋಷದಲ್ಲಿ, ಇವತ್ತಿನದು ನಿಲುಗಡೆಯಲ್ಲ, ಪ್ರಯೋಗ, ಆದ್ದರಿಂದ ಲೆಕ್ಕಕ್ಕಿಲ್ಲ ಎಂದೂ ಅಪ್ಪಣೆ ಕೊಟ್ಟರು. ಮುರಳಿಗೆ ಹೋದ ಜೀವ ಬಂದಂತಾಯಿತು. ಬರುವಾಗ ಟ್ಯಾಂಕು ತುಂಬಿಸಿದರಾಯಿತೆಂದು, ಕೀಲಿಯನ್ನು ಕಾರಿನಲ್ಲೇ ಬಿಟ್ಟು ನಿರಾಳವಾಗಿ ನಾಮಕರಣಕ್ಕೆ ನುಗ್ಗಿದ.

ಊಟದ ಪಂಕ್ತಿಯಲ್ಲೂ ಮಾವ ತಲೆಕೆಳಗಾದ ಮುಳ್ಳಿನ ಕತೆ ಹೇಳಿದರು. ಪುರೋಹಿತರೂ ಪಾಯಸ ಬಿಟ್ಟು ಕೇಳಿದರು. ಬಡಿಸುತ್ತಿದ್ದ ಮಾಧವನೂ ಸೌಟು ಹಿಡಿದು ನಿಂತು ಕೇಳಿದ. ಆಮೇಲೆ ಅವನು ಸ್ವಲ್ಪ ಹೊತ್ತು ಕಾಣಲಿಲ್ಲ. ಬಾಣಂತಿಗೆ ಏನೋ ಬೇಕಾಗಿರಬೇಕೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ನಾಲ್ಕು ಗಂಟೆಗೆ ಹೊರಟರು. ಮೇಧಿನಿ ಇನ್ನೆರಡು ದಿನ ಅಲ್ಲೇ ಇರುತ್ತೇನೆಂದಳು. ಮುರಳಿ ಕೀಲಿ ತಿರುಗಿಸಿದರೆ ಮುಳ್ಳು ತಳಕ್ಕೆ ಅಂಟಿಕೊಂಡಿತ್ತು.

“ಕೆಳಗಿದೆ ಮಾವ.”

“ಕೆಳಗೆ ಅಂದರೆ ಭರ್ತಿ. ಬೆಳಗ್ಗೆ ಹೇಳಿಕೊಟ್ಟಿದ್ದು ಇಷ್ಟು ಬೇಗ ಮರೆತೆಯಾ?” ಎಂದರು ಮಾವ. ಆಮೇಲೆ ಗೇಟಿನ ಹತ್ತಿರ ನಗುತ್ತಾ ನಿಂತಿದ್ದ ಮಾಧವನ ಕಡೆ ಕೈ ತೋರಿಸಿದರು. “ಬಾಯಿಬಿಟ್ಟು ಹೇಳಲಿಲ್ಲ ನೋಡು. ಊಟದ ಗಡಿಬಿಡಿಯಲ್ಲೂ ಹೋಗಿ ಟ್ಯಾಂಕು ತುಂಬಿಸಿ ತಂದಿದಾನೆ. ಅಳಿಯ ಅಂದರೆ ಹಾಗಿರಬೇಕು.”

ಮುರಳಿಗೆ ತಿಂದ ಹೋಳಿಗೆಯೆಲ್ಲ ವಿಷವಾಯಿತು. ಮಾಧವ ಕೈ ಎತ್ತಿ ಏನೋ ಹೇಳಲು ಓಡಿಬರುತ್ತಿದ್ದ. ಅವನ ಔದಾರ್ಯದ ವರ್ಣನೆ ಅವನ ಬಾಯಲ್ಲೇ ಕೇಳುವ ಕರ್ಮ ಬೇಡವೆಂದು ಮುರಳಿ ಕಾರನ್ನು ಬಾಣದಂತೆ ಬಿಟ್ಟ. ಬೇಲೂರಿನ ಬಂಕು ಬಂತು, ಹೋಯಿತು. ಇಬ್ಬರೂ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಹಳೇಬೀಡು ಇನ್ನೂ ಸ್ವಲ್ಪ ದೂರವಿರುವಾಗ, ಅದೇ ಹುಣಸೆಮರದ ಕೆಳಗೆ, ಕಾರು ಎರಡು ಸಲ ಕೆಮ್ಮಿ ನಿಂತಿತು. ದ್ಯಾವಯ್ಯ ಏನೂ ಕೇಳದೆ ಮಚ್ಚು ಕೆಳಗಿಟ್ಟು ಕ್ಯಾನು ಹುಡುಕತೊಡಗಿದ. ಅಷ್ಟರಲ್ಲಿ ಮುರಳಿಯ ಫೋನು ಹೊಡೆದುಕೊಂಡಿತು. ಮಾಧವ.

“ಭಾವ, ಹೇಳೋಣ ಅಂತ ಓಡಿ ಬಂದೆ, ನೀವು ನಿಲ್ಲಿಸಲೇ ಇಲ್ಲ. ನಿಮ್ಮ ಮುಳ್ಳು ಉಲ್ಟಾ ಇತ್ತಲ್ಲ, ಊಟ ಆದಮೇಲೆ ಬಿಚ್ಚಿ ಸರಿಯಾಗಿ ಕೂರಿಸಿದೀನಿ. ಈಗ ಕೆಳಗಿದ್ದರೆ ಖಾಲಿ ಅಂತಲೇ ಅರ್ಥ. ತಳದಲ್ಲಿತ್ತು, ನೋಡ್ಕೊಂಡು ಹಾಕಿಸ್ಕೊಳ್ಳಿ.”

ಫೋನಿನ ದನಿ ಮಾವನಿಗೂ ಕೇಳಿಸಿತು. ಅವರು ಇಳಿದು ಕಾರಿನ ಹಿಂದೆ ಹೋದರು. ಬೈಗುಳಕ್ಕೆ ಸಿದ್ಧನಾಗಿ ಮುರಳಿಯೂ ಇಳಿದ. ಬೆಳಗ್ಗೆ ಡಿಕ್ಕಿ ನೂಕಿ ಕಿವಿ ನಿಮಿರಿಸಿದ ಕೊಬ್ಬರಿಯವರು ನೆನಪಾಗಿ, ಮಾವ ನಿಧಾನವಾಗಿ ಕುಕ್ಕರುಗಾಲಿನಲ್ಲಿ ಕೂತು, ಟ್ಯಾಂಕಿಗೆ ಕಿವಿ ಹಚ್ಚಿ, “ಅಲ್ಲಾಡಿಸು” ಎಂದರು.

ಮುರಳಿ ಅಲ್ಲಾಡಿಸಿದ. ಒಂದು ತೊಟ್ಟಿನ ಸದ್ದೂ ಇರಲಿಲ್ಲ.

ದ್ಯಾವಯ್ಯ ತಂದ ಪೆಟ್ರೋಲಿನಲ್ಲಿ ಹಳೇಬೀಡಿನ ಬಂಕು ಮುಟ್ಟಿ, ಅಲ್ಲಿ ಇನ್ನಷ್ಟು ಹಾಕಿಸಿಕೊಂಡು ಅರಸೀಕೆರೆಗೆ ಬಂದರು. ಕೀಲಿ ಮಾಧವನಿಗೆ ಹೋಯಿತೆಂದು ಮುರಳಿ ಮನಸ್ಸಿನಲ್ಲೇ ಕಾರಿಗೆ ಎಳ್ಳುನೀರು ಬಿಟ್ಟ. ಮನೆಯ ಮುಂದೆ ಇಳಿದಾಗ ರೇವಣಸಿದ್ದಪ್ಪ ತಮ್ಮ ಜಗುಲಿಯ ಮೇಲೆ ಕಾಯಿ ಅಲ್ಲಾಡಿಸುತ್ತಾ ಕೂತಿದ್ದರು. ಮಾವ ಅಳಿಯನ ಕೈಯಿಂದ ಕೀಲಿ ತೆಗೆದುಕೊಂಡು ಸೀದಾ ಆ ಜಗುಲಿಗೆ ಹೋದರು.

“ಸ್ವಾಮಿ, ಇವನು ಮುಳ್ಳನ್ನು ನಂಬ್ತಾನೆ, ಅವನು ಮುಳ್ಳನ್ನು ಬಿಚ್ಚುತಾನೆ, ನಾನು ಮುಳ್ಳಿನ ಮೇಲೆ ಪಾಠ ಮಾಡ್ತೀನಿ. ಬೆಳಗ್ಗೆ ನಿಜ ಹೇಳಿದ್ದು ನೀವೊಬ್ಬರೇ. ಈ ಕಾರನ್ನ ನೀವೇ ಇಟ್ಕೊಂಡಿರಿ.”

ಮಾರನೆಯ ದಿನ ಬೆಳಗ್ಗೆ ಮುರಳಿ ಊಟದ ಡಬ್ಬಿ ಹಿಡಿದು ಕಚೇರಿಗೆ ನಡೆದು ಹೊರಟಿದ್ದ. ಪಕ್ಕದ ಮನೆಯ ಮುಂದೆ ಬಿಳಿ ಕಾರು ತೊಳೆದು ನಿಂತಿತ್ತು. ರೇವಣಸಿದ್ದಪ್ಪ ಅದರ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಕರೆದರು.

“ಮುರಳಿ ಸಾರ್, ಚೂರು ಬನ್ನಿ. ಆ ಕಡೆಯಿಂದ ಹಿಡ್ಕೊಂಡು ಅಲ್ಲಾಡಿಸಿ. ಕಿವಿ ಕೊಡೋನೇ ಅಲ್ಲಾಡಿಸೋಕಾಗಲ್ಲ.”

ಮುರಳಿ ಡಬ್ಬಿಯನ್ನು ಕಾಂಪೌಂಡಿನ ಮೇಲಿಟ್ಟು ಅಲ್ಲಾಡಿಸಿದ. ಹಾಲಿನವನು ನಿಂತು ನೋಡಿದ. ಕಾಲು ಟ್ಯಾಂಕು ಎಂದು ರೇವಣಸಿದ್ದಪ್ಪ ಸಾರಿದರು. ಒಳಗೆ ಮುಳ್ಳೂ ಕಾಲು ಟ್ಯಾಂಕನ್ನೇ ತೋರಿಸುತ್ತಿತ್ತು, ಆದರೆ ಅದರ ಕಡೆ ಯಾರೂ ನೋಡಲಿಲ್ಲ.